ತ್ರೀ ಫೇಸ್ ಮೋಟರ್ ಕೆಟ್ಟಾಗ: ದೋಷ ಸಪ್ಲೈನಲ್ಲೋ, ಮೋಟರಿನಲ್ಲೋ, ಲೋಡಿನಲ್ಲೋ?

ಸುಟ್ಟ ಮೋಟರಿಗೆ ಹೊಸ ವೈಂಡಿಂಗ್ ಹಾಕಿಸಿ ತಂದು ಕೂರಿಸಿದ ಸ್ವಲ್ಪ ದಿನಕ್ಕೇ ಅದು ಮತ್ತೆ ಸುಟ್ಟರೆ ಬೈಗುಳ ಬೀಳುವುದು ರಿವೈಂಡಿಂಗ್ ಮಾಡಿದವರಿಗೆ. ಎಷ್ಟೋ ಸಲ ತಪ್ಪು ಅವರದ್ದಾಗಿರುವುದಿಲ್ಲ. ಮೊದಲ ಸಲ ಮೋಟರನ್ನು ಸುಟ್ಟ ಕಾರಣ ಪ್ಯಾನಲ್‌ನಲ್ಲೋ, ಕೇಬಲ್‌ನಲ್ಲೋ, ಮೋಟರಿಗೆ ಜೋಡಿಸಿದ ಯಂತ್ರದಲ್ಲೋ ಹಾಗೇ ಕೂತಿರುತ್ತದೆ. ಪಂಪ್, ಕಂಪ್ರೆಸರ್, ಕನ್ವೇಯರ್, ಲಿಫ್ಟ್ ಯಾವುದೇ ಇರಲಿ, ದೋಷ ಹುಡುಕುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ತೊಂದರೆ ಇರುವುದು ಸಪ್ಲೈ ಕಡೆಯೋ, ಮೋಟರಿನ ಒಳಗೋ, ಲೋಡಿನಲ್ಲೋ? ಇದು ತೀರ್ಮಾನವಾಗುವ ಮುಂಚೆ ಮೋಟರ್ ಬಿಚ್ಚಬೇಡಿ.

ಇಲ್ಲಿನ ಬಹುಪಾಲು ವಿವರ 400 ವೋಲ್ಟ್, 50 ಹರ್ಟ್ಸ್‌ನಲ್ಲಿ ಓಡುವ ಇಂಡಕ್ಷನ್ ಮೋಟರಿನದ್ದು. ಕೊನೆಯಲ್ಲಿ ಸಿಂಗಲ್ ಫೇಸ್ ಮತ್ತು ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರುಗಳ ಬಗ್ಗೆ ಬೇಕಾದಷ್ಟು ಇದೆ.

ಕೈ ಹಾಕುವ ಮೊದಲು

ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ. ಮಲ್ಟಿಮೀಟರನ್ನು ಕರೆಂಟ್ ಇರುವ ಕಡೆ ಒಮ್ಮೆ ಇಟ್ಟು ಅದು ಸರಿಯಾಗಿ ತೋರಿಸುತ್ತದೆಂದು ಖಚಿತ ಮಾಡಿಕೊಳ್ಳಿ, ಆಮೇಲೆ ಮೋಟರ್ ಟರ್ಮಿನಲ್ ನೋಡಿ, ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡಿ. ನಡುವೆ ಮೀಟರಿನ ಪ್ರೋಬ್ ಕೈಕೊಟ್ಟಿದ್ದರೆ ಮೂರನೇ ಅಳತೆಯಲ್ಲಿ ಗೊತ್ತಾಗುತ್ತದೆ. ವಿಎಫ್‌ಡಿ (ಆವರ್ತನ ಬದಲಿಸಿ ಮೋಟರಿನ ವೇಗ ಹೊಂದಿಸುವ ಡ್ರೈವ್) ಇದ್ದರೆ ಸಪ್ಲೈ ತೆಗೆದ ಮೇಲೆ ಅದರ ಲೇಬಲ್ ಹೇಳಿದಷ್ಟು ನಿಮಿಷ ಕಾಯಿರಿ. 400 ವೋಲ್ಟ್ ಡ್ರೈವ್‌ನ ಡಿಸಿ ಬಸ್‌ನಲ್ಲಿ (ಒಳಗೆ ಡಿಸಿ ಹಿಡಿದಿಡುವ ಕೆಪ್ಯಾಸಿಟರ್ ಭಾಗ) ಸುಮಾರು 565 ವೋಲ್ಟ್ ಡಿಸಿ ಇರುತ್ತದೆ, ಡಿಸ್‌ಪ್ಲೇ ಆರಿದ ತಕ್ಷಣ ಅದು ಇಳಿದುಬಿಡುವುದಿಲ್ಲ. ಕೆಪ್ಯಾಸಿಟರ್ ಡಿಸ್ಚಾರ್ಜ್ ಮಾಡಲು ಸ್ಕ್ರೂಡ್ರೈವರ್ ಅಡ್ಡ ಇಡುವ ಅಭ್ಯಾಸ ಬಿಡಿ. ರೆಸಿಸ್ಟರ್ ಮೂಲಕ ಇಳಿಸಿ.

ಇನ್ನು ನೇಮ್ ಪ್ಲೇಟ್. ಧೂಳು ಒರೆಸಿ ವೋಲ್ಟೇಜ್, ಆಂಪಿಯರ್, ಆರ್‌ಪಿಎಂ, ಇನ್ಸುಲೇಷನ್ ಕ್ಲಾಸ್, ಸ್ಟಾರ್ (ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೆಡೆ ಸೇರಿದ್ದು) ಅಥವಾ ಡೆಲ್ಟಾ (ಒಂದರ ತುದಿಗೆ ಇನ್ನೊಂದು ಸೇರಿ ತ್ರಿಕೋನವಾದದ್ದು) ಕನೆಕ್ಷನ್ ಇಷ್ಟನ್ನೂ ಬರೆದುಕೊಳ್ಳಿ. ಪ್ಲೇಟ್‌ನಲ್ಲಿ ಡೆಲ್ಟಾ 400, ಸ್ಟಾರ್ 690 ಎಂದಿದ್ದರೆ 400 ವೋಲ್ಟ್‌ಗೆ ಡೆಲ್ಟಾ ಕನೆಕ್ಷನ್ನೇ ಕೊಡಬೇಕು. ಮರೆತು ಸ್ಟಾರ್‌ನಲ್ಲಿ ಬಿಟ್ಟರೆ ಟಾರ್ಕ್ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಖಾಲಿ ಓಡುವಾಗ ಚೆನ್ನಾಗಿಯೇ ಕಾಣುವ ಮೋಟರ್ ಲೋಡ್ ಬಿದ್ದೊಡನೆ ಮುಗ್ಗರಿಸುತ್ತದೆ. ಡೆಲ್ಟಾ 230, ಸ್ಟಾರ್ 400 ಎಂದಿರುವ ಮೋಟರಿಗೆ 400 ವೋಲ್ಟ್‌ನಲ್ಲಿ ಡೆಲ್ಟಾ ಕೊಟ್ಟರೆ ವೈಂಡಿಂಗ್ ಹೊಗೆಯಾಗಲು ಹೆಚ್ಚು ಹೊತ್ತು ಬೇಡ. ಬೇರೆ ಮೋಟರ್ ತಂದು ಬದಲಾಯಿಸಿದ ದಿನವೇ ಈ ಎರಡು ತಪ್ಪುಗಳು ನಡೆಯುವುದು, ಏಕೆಂದರೆ ಹಳೆಯದರ ಲಿಂಕ್ (ಟರ್ಮಿನಲ್‌ಗಳನ್ನು ಜೋಡಿಸುವ ಪಟ್ಟಿ) ಹೇಗಿತ್ತೋ ಹಾಗೇ ಹೊಸದಕ್ಕೂ ಹಾಕುತ್ತಾರೆ.

ಗುಂಯ್‌ಗುಡುತ್ತದೆ, ತಿರುಗುವುದಿಲ್ಲ

ಸ್ವಿಚ್ ಹಾಕಿದಾಗ ಸದ್ದು ಮಾತ್ರ ಬಂದು ಶಾಫ್ಟ್ ಅಲುಗದಿದ್ದರೆ ತಕ್ಷಣ ಆಫ್ ಮಾಡಿ. ನಿಂತಲ್ಲೇ ನಿಂತ ಮೋಟರ್ ಫುಲ್ ಲೋಡ್ ಕರೆಂಟ್‌ನ 5ರಿಂದ 7 ಪಟ್ಟು ಎಳೆಯುತ್ತದೆ, ತಂಪು ಮಾಡುವ ಫ್ಯಾನೂ ತಿರುಗುತ್ತಿರುವುದಿಲ್ಲ. "ಇನ್ನೊಂದು ಸಲ ಹಾಕಿ ನೋಡೋಣ" ಎಂದು ನಾಲ್ಕು ಸಲ ಹಾಕಿದರೆ ಸಣ್ಣ ದೋಷ ದೊಡ್ಡದಾಗುತ್ತದೆ.

ಬೀಗ ಹಾಕಿದ ಮೇಲೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಕಪ್ಲಿಂಗ್ ಅಥವಾ ಬೆಲ್ಟ್ ಬಿಚ್ಚಿ ಮತ್ತೆ ತಿರುಗಿಸಿ. ಈಗ ಸಲೀಸಾಗಿ ತಿರುಗಿದರೆ ಜಾಮ್ ಆಗಿರುವುದು ಯಂತ್ರ. ಬಿಚ್ಚಿದ ಮೇಲೂ ಬಿಗಿ ಇದ್ದರೆ ಬೇರಿಂಗ್ ಹಿಡಿದಿದೆ, ಇಲ್ಲವೇ ರೋಟರ್ (ತಿರುಗುವ ಭಾಗ) ಸ್ಟೇಟರಿಗೆ (ನಿಂತಿರುವ ಭಾಗ) ತಾಗುತ್ತಿದೆ.

ಶಾಫ್ಟ್ ಸಲೀಸಾಗಿ ತಿರುಗಿಯೂ ಮೋಟರ್ ಗುಂಯ್‌ಗುಟ್ಟರೆ ಮೊದಲ ಅನುಮಾನ ಸಿಂಗಲ್ ಫೇಸಿಂಗ್ ಮೇಲೆ. ಮೂರರಲ್ಲಿ ಒಂದು ಫೇಸ್ ಬರದಿದ್ದರೆ ತಿರುಗುವ ಕಾಂತಕ್ಷೇತ್ರವೇ ಹುಟ್ಟುವುದಿಲ್ಲ, ಶುರುವಾಗುವ ಟಾರ್ಕ್ ಸೊನ್ನೆ. ಫ್ಯೂಸ್, ಕಾಂಟ್ಯಾಕ್ಟರ್‌ನ (ಮೋಟರಿಗೆ ಕರೆಂಟ್ ಜೋಡಿಸಿ ಕಡಿಯುವ ಸ್ವಿಚ್) ಪಾಯಿಂಟ್, ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ), ಕೇಬಲ್ ಲಗ್, ಟರ್ಮಿನಲ್ ಬಾಕ್ಸ್‌ನ ನಟ್, ಇದೇ ಕ್ರಮದಲ್ಲಿ ನೋಡುತ್ತಾ ಬನ್ನಿ. ಫ್ಯೂಸ್ ಪರೀಕ್ಷಿಸುವಾಗ ಹೊರಗೆ ತೆಗೆದು ಕಂಟಿನ್ಯೂಟಿ ನೋಡಿ. ಜಾಗದಲ್ಲೇ ಇಟ್ಟು ವೋಲ್ಟೇಜ್ ನೋಡಿದರೆ ಹೋದ ಫ್ಯೂಸಿನ ಆಚೆ ಬದಿಗೂ ಮೋಟರ್ ವೈಂಡಿಂಗ್ ಮೂಲಕ ವೋಲ್ಟೇಜ್ ತಿರುಗಿ ಬಂದು ಮೀಟರಿಗೆ ಮೋಸ ಮಾಡುತ್ತದೆ.

ಇದಕ್ಕಿಂತ ದೊಡ್ಡ ಮೋಸ ಓಡುತ್ತಿರುವ ಮೋಟರಿನಲ್ಲಿ ಆಗುತ್ತದೆ. ಓಡುವಾಗಲೇ ಒಂದು ಫೇಸ್ ಹೋದರೆ ಲೋಡ್ ಕಡಿಮೆ ಇರುವ ಮೋಟರ್ ನಿಲ್ಲುವುದಿಲ್ಲ. ಉಳಿದ ಎರಡು ಫೇಸುಗಳಲ್ಲಿ ಕರೆಂಟ್ ಸುಮಾರು 1.73 ಪಟ್ಟಿಗೆ ಏರುತ್ತದೆ, ಹೋದ ಫೇಸಿನ ಟರ್ಮಿನಲ್‌ನಲ್ಲಿ ಮೋಟರ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಮಲ್ಟಿಮೀಟರ್ ಇಟ್ಟರೆ ಮೂರೂ ಫೇಸ್ ಹೆಚ್ಚು ಕಡಿಮೆ ಸರಿಯಾಗಿಯೇ ಕಾಣುತ್ತವೆ. ಬರೀ ವೋಲ್ಟೇಜ್ ನೋಡಿಕೊಂಡು ಕೆಲಸ ಮಾಡುವ ಫೇಸ್ ರಿಲೇ ಕೂಡ ಇದನ್ನು ಬಿಟ್ಟುಬಿಡಬಹುದು. ಹಾಗಾಗಿ ಓಡುವ ಮೋಟರಿನ ಮುಂದೆ ನಿಂತಾಗ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕ್ಲ್ಯಾಂಪ್ ಮೀಟರ್, ಅಂದರೆ ವೈರ್ ಸುತ್ತ ಹಿಡಿದು ಆಂಪಿಯರ್ ಅಳೆಯುವ ಮೀಟರ್. ಒಂದು ವೈರ್‌ನಲ್ಲಿ ಸೊನ್ನೆ ಆಂಪಿಯರ್ ಬಂದರೆ ಮುಂದೆ ಅನುಮಾನಕ್ಕೆ ಜಾಗವಿಲ್ಲ.

ಓವರ್‌ಲೋಡ್ ಪದೇಪದೇ ಟ್ರಿಪ್ ಆಗುತ್ತಿದೆ

ರಿಲೇಯ ಡಯಲ್ ಸ್ವಲ್ಪ ಮೇಲಕ್ಕೆ ತಿರುಗಿಸಿ ಹೋಗುವುದು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ಕೆಟ್ಟ ಪರಿಹಾರ. ಡಯಲ್ ಮುಟ್ಟುವ ಮುನ್ನ ಅದು ಎಲ್ಲಿರಬೇಕಿತ್ತು ಎಂದು ಲೆಕ್ಕ ಹಾಕಿ. ಡೈರೆಕ್ಟ್ ಆನ್‌ಲೈನ್ ಸ್ಟಾರ್ಟರ್‌ನಲ್ಲಿ (ಮೋಟರಿಗೆ ನೇರ ಪೂರ್ತಿ ವೋಲ್ಟೇಜ್ ಕೊಡುವುದು) ರಿಲೇ ನೇಮ್ ಪ್ಲೇಟ್ ಆಂಪಿಯರ್‌ಗೆ ಸೆಟ್ ಆಗಿರಬೇಕು. ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನಲ್ಲಿ (ಸ್ಟಾರ್‌ನಲ್ಲಿ ಶುರು ಮಾಡಿ ಡೆಲ್ಟಾಕ್ಕೆ ಬದಲಿಸುವುದು) ರಿಲೇ ಡೆಲ್ಟಾದ ಒಳಗೆ, ಅಂದರೆ ವೈಂಡಿಂಗ್ ಹಾದಿಯಲ್ಲಿ ಕೂತಿದ್ದರೆ 0.58ರಿಂದ ಗುಣಿಸಬೇಕು: 20 ಆಂಪಿಯರ್ ಮೋಟರಿಗೆ 11.6. ಇಲ್ಲಿ 20ಕ್ಕೆ ಇಟ್ಟರೆ ರಿಲೇ ಇದ್ದೂ ಇಲ್ಲದಂತೆ. ಮೋಟರ್ ಸುಟ್ಟರೂ ಅದು ಬಾಯಿ ಬಿಡುವುದಿಲ್ಲ.

ಸ್ಟಾರ್ಟ್ ಆಗುವಾಗ ಮಾತ್ರ ಟ್ರಿಪ್ ಆಗುವುದು ಬೇರೆ ಸಂಗತಿ. ದೊಡ್ಡ ಬ್ಲೋವರ್, ಫ್ಲೈವೀಲ್ ಇರುವ ಪ್ರೆಸ್ ಇಂಥವು ಪೂರ್ತಿ ವೇಗಕ್ಕೆ ಬರಲು ಹೊತ್ತು ತೆಗೆದುಕೊಳ್ಳುತ್ತವೆ. ಕ್ಲಾಸ್ 10 ರಿಲೇ 7.2 ಪಟ್ಟು ಕರೆಂಟ್‌ನಲ್ಲಿ 10 ಸೆಕೆಂಡ್ ಒಳಗೆ ಬಿಡುತ್ತದೆ, ಕ್ಲಾಸ್ 20 ರಿಲೇ 20 ಸೆಕೆಂಡ್‌ವರೆಗೆ ತಾಳುತ್ತದೆ. ಮೋಟರ್ ಅಷ್ಟನ್ನು ತಡೆದುಕೊಳ್ಳುತ್ತದೆಂದು ತಯಾರಕರ ಮಾಹಿತಿಯಲ್ಲಿ ಇದ್ದರೆ ಮಾತ್ರ ಕ್ಲಾಸ್ ಬದಲಾಯಿಸಿ. ಸ್ಟಾರ್ಟ್ ಹೊತ್ತಿನಲ್ಲಿ ಮೋಟರ್ ಟರ್ಮಿನಲ್‌ನ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆಂದೂ ನೋಡಿ: ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 10% ವೋಲ್ಟೇಜ್ ಕಡಿಮೆಯಾದರೆ ಟಾರ್ಕ್ 81%ಗೆ ಬರುತ್ತದೆ. ಉದ್ದನೆಯ ತೆಳು ಕೇಬಲ್ ಇದ್ದ ಕಡೆ ದೋಷ ಕೇಬಲ್‌ನದ್ದೇ.

ಓಡುತ್ತಾ ಓಡುತ್ತಾ ಟ್ರಿಪ್ ಆದರೆ ಮೂರೂ ಫೇಸಿನ ಆಂಪಿಯರ್ ಬರೆದುಕೊಳ್ಳಿ. ಮೂರೂ ಸಮನಾಗಿ ಜಾಸ್ತಿ ಇದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜ್ ಕಡಿಮೆ ಇದೆ. ಲೋಡ್ ಬಿಚ್ಚಿ ಖಾಲಿ ಓಡಿಸಿ. ಖಾಲಿ ಓಡುವಾಗ ಕರೆಂಟ್ ಸಾಮಾನ್ಯವಾಗಿ ಫುಲ್ ಲೋಡಿನ 30ರಿಂದ 50% ಇರುತ್ತದೆ, ಸಣ್ಣ ಮೋಟರಿನಲ್ಲಿ ಇನ್ನೂ ಹೆಚ್ಚು. ಅಷ್ಟಕ್ಕೆ ಇಳಿದರೆ ಮೋಟರನ್ನು ಬಿಟ್ಟು ಯಂತ್ರದ ಕಡೆ ಹೋಗಿ.

ಮೂರು ಫೇಸಿನ ಆಂಪಿಯರ್ ಬೇರೆ ಬೇರೆ

ದೋಷ ಎಲ್ಲಿದೆ ಎಂಬುದನ್ನು ಇಷ್ಟು ಅಗ್ಗದಲ್ಲಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಬೇಕಾಗುವುದು ಒಂದು ಸ್ಪ್ಯಾನರ್, ಒಂದು ಕ್ಲ್ಯಾಂಪ್ ಮೀಟರ್.

ಮೊದಲು ವೋಲ್ಟೇಜ್ ನೋಡಿ. ಫೇಸ್‌ಗಳ ನಡುವೆ 400, 412, 418 ಬಂದಿದೆ ಅಂದುಕೊಳ್ಳಿ. ಸರಾಸರಿ 410. ಸರಾಸರಿಯಿಂದ ಅತಿ ದೂರ ಇರುವುದು 400, ವ್ಯತ್ಯಾಸ 10. ಹತ್ತನ್ನು 410ರಿಂದ ಭಾಗಿಸಿದರೆ ಅಸಮತೋಲನ 2.4%. ಕೇಳಲು ಚಿಕ್ಕದು. ಆದರೆ ಕರೆಂಟ್‌ನ ಅಸಮತೋಲನ ವೋಲ್ಟೇಜಿನದ್ದಕ್ಕಿಂತ 6ರಿಂದ 10 ಪಟ್ಟು ಇರಬಹುದು, ಅಂದರೆ ಇಲ್ಲಿ ಒಂದು ಫೇಸ್ 15ರಿಂದ 24% ದಾರಿ ತಪ್ಪುತ್ತದೆ. ವೋಲ್ಟೇಜ್ ಅಸಮತೋಲನ 1% ದಾಟಿದರೆ ಮೋಟರಿನ ಮೇಲೆ ಹಾಕುವ ಲೋಡ್ ಇಳಿಸಬೇಕು, 5% ದಾಟಿದರೆ ಓಡಿಸಲೇಬಾರದು.

ವೋಲ್ಟೇಜ್ ಸಮ ಇದ್ದೂ ಕರೆಂಟ್ ಹೆಚ್ಚು ಕಡಿಮೆ ಇದ್ದರೆ, ಅಥವಾ ಎರಡರಲ್ಲೂ ಅನುಮಾನ ಇದ್ದರೆ, ಮೂರು ವೈರ್‌ಗಳನ್ನೂ ಒಂದೊಂದು ಮನೆ ಸರಿಸಿ. ಸಪ್ಲೈನ ಆರ್ ಲೈನ್ ಮೋಟರಿನ ಯು ಟರ್ಮಿನಲ್‌ಗೆ, ವೈ ಲೈನ್ ವಿಗೆ, ಬಿ ಲೈನ್ ಡಬ್ಲ್ಯುಗೆ ಇತ್ತು. ಅಳತೆ 20, 20.5, 25 ಆಂಪಿಯರ್. ಈಗ ಬಿ ಲೈನನ್ನು ಯುಗೆ, ಆರ್ ಲೈನನ್ನು ವಿಗೆ, ವೈ ಲೈನನ್ನು ಡಬ್ಲ್ಯುಗೆ ಹಾಕಿ. ಮೂರನ್ನೂ ಸರಿಸಿದ್ದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ. ಎರಡನ್ನೇ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ, ಎಚ್ಚರ. ಅದೇ ಲೋಡಿನಲ್ಲಿ ಮತ್ತೆ ಓಡಿಸಿ ಅಳೆಯಿರಿ. 25 ಆಂಪಿಯರ್ ಬಿ ಲೈನಿನ ಜೊತೆ ಯು ಟರ್ಮಿನಲ್‌ಗೆ ಬಂದಿದ್ದರೆ ದೋಷ ಸಪ್ಲೈ ಕಡೆ. ಡಬ್ಲ್ಯು ಟರ್ಮಿನಲ್‌ನಲ್ಲೇ ಉಳಿದಿದ್ದರೆ ಮೋಟರಿನ ಒಳಗೆ.

ಸಪ್ಲೈ ಕಡೆ ಎಂದು ತಿಳಿದರೆ ಲೋಡ್ ಇರುವಾಗ ಕಾಂಟ್ಯಾಕ್ಟರ್‌ನ ಪ್ರತಿ ಪೋಲ್‌ನ ಮೇಲ್ಬದಿಯಿಂದ ಕೆಳಬದಿಗೆ ಮಿಲಿವೋಲ್ಟ್ ಅಳೆಯಿರಿ. ಎರಡು ಪೋಲ್ ಹತ್ತಿರ ಹತ್ತಿರ ತೋರಿಸಿ ಮೂರನೆಯದು ಹಲವು ಪಟ್ಟು ತೋರಿಸಿದರೆ ಆ ಪಾಯಿಂಟ್ ತಿಂದುಹೋಗಿದೆ. ಇದನ್ನು ಮಾಡುವಾಗ ಪ್ಯಾನಲ್ ತೆರೆದಿರುತ್ತದೆ, ಕರೆಂಟ್ ಇರುತ್ತದೆ. ತರಬೇತಿ ಮತ್ತು ಗ್ಲವ್ಸ್ ಇಲ್ಲದವರು ಬೇರೆಯವರಿಂದ ಮಾಡಿಸಿ.

ವೈಂಡಿಂಗ್ ಪರೀಕ್ಷೆ

ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಹಾಕುವ ಮೊದಲು ವಿಎಫ್‌ಡಿ ಅಥವಾ ಸಾಫ್ಟ್ ಸ್ಟಾರ್ಟರ್ ಕೇಬಲ್ ಬಿಚ್ಚಿ ಪಕ್ಕಕ್ಕಿಡಿ, ಇಲ್ಲದಿದ್ದರೆ ಮೋಟರ್ ಪರೀಕ್ಷಿಸಲು ಹೋಗಿ ಡ್ರೈವ್ ಕಳೆದುಕೊಳ್ಳುತ್ತೀರಿ. 400 ವೋಲ್ಟ್ ಮೋಟರಿಗೆ 500 ವೋಲ್ಟ್ ಡಿಸಿ ಸಾಕು. ಟರ್ಮಿನಲ್‌ನಿಂದ ಬಾಡಿಗೆ ಒಂದು ನಿಮಿಷ ಕೊಟ್ಟು ಆಮೇಲೆ ಓದಿ. ಲಿಂಕ್ ತೆಗೆದು ಫೇಸ್‌ನಿಂದ ಫೇಸ್‌ಗೂ ನೋಡಿ.

ಹೊಸ ಮಾದರಿಯ ಸಣ್ಣ ಮೋಟರುಗಳಿಗೆ 40 ಡಿಗ್ರಿ ಸೆಲ್ಸಿಯಸ್‌ಗೆ ತಂದ ಲೆಕ್ಕದಲ್ಲಿ ಕನಿಷ್ಠ 5 ಮೆಗಾಓಮ್ ಬೇಕು. "40 ಡಿಗ್ರಿಗೆ ತಂದ ಲೆಕ್ಕ" ಎಂಬ ಮಾತನ್ನು ಹಾರಿಸಬೇಡಿ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಇನ್ಸುಲೇಷನ್ ರೆಸಿಸ್ಟೆನ್ಸ್ ಸುಮಾರು ಅರ್ಧವಾಗುತ್ತದೆ. ಬೆಳಗಿನ ತಂಪಿನಲ್ಲಿ, 20 ಡಿಗ್ರಿಯಲ್ಲಿ, 10 ಮೆಗಾಓಮ್ ಬಂದ ಮೋಟರ್ 40 ಡಿಗ್ರಿಗೆ 2.5 ಮಾತ್ರ, ಅಂದರೆ ನಪಾಸು. ಓಡಿ ನಿಂತ ಕೂಡಲೇ 60 ಡಿಗ್ರಿಯಲ್ಲಿ 3 ಮೆಗಾಓಮ್ ತೋರಿಸಿದ್ದು 40ಕ್ಕೆ 12 ಆಗುತ್ತದೆ, ಅದು ಪಾಸು. ತೇವ ಹಿಡಿದು ಓದು ಕಡಿಮೆಯಾಗಿದ್ದರೆ ಒಣಗಿಸಿದರೆ ಏರುತ್ತದೆ. ಓವನ್‌ನಲ್ಲಿ 80ರಿಂದ 90 ಡಿಗ್ರಿಯಲ್ಲಿಟ್ಟು, ಓದು ಏರಿ ಒಂದೇ ಕಡೆ ನಿಲ್ಲುವವರೆಗೆ ಬಿಡಿ. ಒಣಗಿಸಿದರೂ ಏರದಿದ್ದರೆ ಇನ್ಸುಲೇಷನ್ ಹೋಗಿದೆ.

ಮೆಗ್ಗರ್ ಪಾಸಾದ ಮಾತ್ರಕ್ಕೆ ವೈಂಡಿಂಗ್ ಚೆನ್ನಾಗಿದೆ ಎಂದಲ್ಲ. ಒಂದೇ ಕಾಯಿಲ್‌ನ ಸುತ್ತುಗಳ ನಡುವಿನ ಶಾರ್ಟ್ ಮೆಗ್ಗರಿಗೆ ಕಾಣುವುದಿಲ್ಲ. ಅದಕ್ಕೆ ಮೂರೂ ಫೇಸಿನ ರೆಸಿಸ್ಟೆನ್ಸ್ ಹೋಲಿಸಬೇಕು, ದೊಡ್ಡ ಮೋಟರಿಗೆ ಮಿಲಿಓಮ್ ಮೀಟರ್ ಬೇಕು. ಲಿಂಕ್ ತೆಗೆಯದೆ ಡೆಲ್ಟಾದಲ್ಲೇ ಅಳೆಯುವವರಿಗೆ ಒಂದು ಲೆಕ್ಕ: ಪ್ರತಿ ಫೇಸ್ 3 ಓಮ್ ಇದ್ದರೆ ಟರ್ಮಿನಲ್‌ಗಳ ನಡುವೆ 2, 2, 2 ಬರುತ್ತದೆ. ಒಂದು ಫೇಸ್ ತುಂಡಾಗಿದ್ದರೆ 3, 3, 6 ಬರುತ್ತದೆ. ಓಪನ್ ಆದರೂ ಮೀಟರ್ ಅನಂತ ತೋರಿಸುವುದಿಲ್ಲ, ಅದಕ್ಕೇ ಇದು ತಪ್ಪಿಸಿಕೊಳ್ಳುತ್ತದೆ.

ಒಳಗೆ ಥರ್ಮಿಸ್ಟರ್ (ಉಷ್ಣತೆ ಗುರುತಿಸುವ ಸೆನ್ಸರ್) ಇದ್ದರೆ ಅದರ ಎರಡು ವೈರ್‌ಗಳ ನಡುವೆ ಎಂದೂ ಮೆಗ್ಗರ್ ಹಾಕಬೇಡಿ, 2.5 ವೋಲ್ಟ್ ಮೀರದ ಮಲ್ಟಿಮೀಟರ್ ಸಾಕು. ಪಿಟಿಸಿ ಮಾದರಿಯ (ಬಿಸಿಯಾದಾಗ ರೆಸಿಸ್ಟೆನ್ಸ್ ಏರುವ) ಮೂರು ಥರ್ಮಿಸ್ಟರ್ ಸರಣಿಯಲ್ಲಿದ್ದರೆ ತಣ್ಣಗಿರುವಾಗ 750 ಓಮ್ ಒಳಗೆ ಇರಬೇಕು.

ಸುಟ್ಟ ವೈಂಡಿಂಗ್ ಏನು ಹೇಳುತ್ತದೆ

ಮೋಟರ್ ಸುಟ್ಟೇ ಹೋಗಿದ್ದರೆ ರಿವೈಂಡಿಂಗ್‌ಗೆ ಕಳಿಸುವ ಮುನ್ನ ಎಂಡ್ ಕವರ್ ತೆಗೆದು ಎರಡೂ ಬದಿಯ ಫೋಟೊ ತೆಗೆದಿಡಿ. ಹಳೆ ತಂತಿ ಕಿತ್ತು ಹಾಕಿದ ಮೇಲೆ ಈ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಕಾಯಿಲ್ ಗುಂಪುಗಳು ಕಪ್ಪು, ತಿಳಿ, ಕಪ್ಪು, ತಿಳಿ ಎಂದು ಕ್ರಮವಾಗಿ ಸರದಿಯಲ್ಲಿ ಕಂಡರೆ ಅದು ಸಿಂಗಲ್ ಫೇಸಿಂಗ್‌ನ ಗುರುತು. ಸ್ಟಾರ್ ಕನೆಕ್ಷನ್ ಆಗಿದ್ದರೆ ಎರಡು ಫೇಸ್ ಕರಕಲಾಗಿ ಒಂದು ಫೇಸ್ ಹೊಸದರಂತೆ ಹೊಳೆಯುತ್ತಿರುತ್ತದೆ. ಡೆಲ್ಟಾ ಆಗಿದ್ದರೆ ಒಂದು ಫೇಸ್ ಮಾತ್ರ ಸುಟ್ಟು ಎರಡು ಉಳಿದಿರುತ್ತವೆ, ಏಕೆಂದರೆ ಉಳಿದ ಎರಡು ಲೈನ್‌ಗಳ ನಡುವೆ ನೇರ ಕೂತ ಆ ಫೇಸ್ ಮಿಕ್ಕ ಎರಡಕ್ಕಿಂತ ದುಪ್ಪಟ್ಟು ಕರೆಂಟ್ ಹೊರುತ್ತದೆ. ಇಂಥ ಮೋಟರಿಗೆ ಹೊಸ ವೈಂಡಿಂಗ್ ಹಾಕಿ ಅದೇ ಕಾಂಟ್ಯಾಕ್ಟರ್‌ಗೆ ಜೋಡಿಸುವುದು ವ್ಯರ್ಥ.

ಸುತ್ತಲೂ ಒಂದೇ ಸಮ ಕರಕಲಾಗಿದ್ದರೆ ಓವರ್‌ಲೋಡ್, ಜಾಮ್, ಕಡಿಮೆ ವೋಲ್ಟೇಜ್ ಅಥವಾ ತಂಪು ಮಾಡುವ ಗಾಳಿ ಕಟ್ಟಿದ್ದು. ಮಿಕ್ಕೆಲ್ಲ ಚೆನ್ನಾಗಿದ್ದು ಒಂದೇ ಕಾಯಿಲ್ ಕರಗಿದ್ದರೆ ಸುತ್ತುಗಳ ನಡುವಿನ ಶಾರ್ಟ್. ವಿಎಫ್‌ಡಿ ಇರುವ ಕಡೆ ಲೈನ್ ಹತ್ತಿರದ ಮೊದಲ ಕಾಯಿಲ್ ಹೀಗೆ ಹೋಗಿದ್ದರೆ ಕೇಬಲ್ ಉದ್ದ ನೋಡಿ. ಸ್ಲಾಟಿನ ಬಾಯಲ್ಲಿ ರಂಧ್ರ ಬಿದ್ದಿದ್ದರೆ ಅರ್ತ್ ಫಾಲ್ಟ್.

ಬಿಸಿ

ಅಂಗೈ ಇಟ್ಟು "ತುಂಬಾ ಬಿಸಿ" ಎಂದು ಹೇಳುವುದು ಅಳತೆಯಲ್ಲ. 60 ಡಿಗ್ರಿ ದಾಟಿದ ಲೋಹದ ಮೇಲೆ ಕೈ ನಿಲ್ಲುವುದಿಲ್ಲ. ಇನ್ಸುಲೇಷನ್ ಕ್ಲಾಸ್ ಎಫ್ ಇರುವ ಮೋಟರಿನ ಹೊರಮೈ 70, 80 ಡಿಗ್ರಿಯಲ್ಲಿ ನೆಮ್ಮದಿಯಾಗಿ ಓಡುತ್ತಿರಬಹುದು. ನಿಜವಾದ ಉಷ್ಣತೆ ಬೇಕಿದ್ದರೆ ತಾಮ್ರದ ರೆಸಿಸ್ಟೆನ್ಸ್ ಕೇಳಿ. ತಣ್ಣಗಿದ್ದಾಗ, 25 ಡಿಗ್ರಿಯಲ್ಲಿ, 2.00 ಓಮ್ ಇತ್ತು, ನಿಲ್ಲಿಸಿದ ಕೂಡಲೇ 2.60 ಬಂತು. 25ಕ್ಕೆ 234.5 ಕೂಡಿಸಿ, 1.3ರಿಂದ (2.60 ಭಾಗ 2.00) ಗುಣಿಸಿ, 234.5 ಕಳೆಯಿರಿ: ಸುಮಾರು 103 ಡಿಗ್ರಿ. ಕ್ಲಾಸ್ ಬಿ ಮಿತಿ 130, ಎಫ್ 155, ಎಚ್ 180. ಮಿತಿಗಿಂತ 10 ಡಿಗ್ರಿ ಮೇಲೆ ಓಡಿಸಿದಂತೆಲ್ಲ ಇನ್ಸುಲೇಷನ್ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಅಂದಾಜು. ಉಳಿದಂತೆ ಫ್ಯಾನ್ ಕವರ್‌ನ ಜಾಲರಿ, ಫಿನ್‌ಗಳ ನಡುವಿನ ಕೊಳೆ, ಗಂಟೆಗೆ ಎಷ್ಟು ಸಲ ಸ್ಟಾರ್ಟ್ ಮಾಡುತ್ತೀರಿ, ಇವನ್ನು ನೋಡಿ.

ಅದುರು ಮತ್ತು ಸದ್ದು

ಪೂರ್ತಿ ವೇಗದಲ್ಲಿ ಓಡುವಾಗ ಸಪ್ಲೈ ಕಡಿದು ಕೇಳಿಸಿಕೊಳ್ಳಿ. ಸ್ವಿಚ್ ಆಫ್ ಆದ ಕ್ಷಣವೇ ಅದುರು ನಿಂತರೆ ಕಾರಣ ವಿದ್ಯುತ್ತಿನದ್ದು: ಅಸಮ ವೋಲ್ಟೇಜ್, ಸ್ಟೇಟರ್ ರೋಟರ್ ನಡುವಿನ ಅಂತರ ಒಂದೇ ಸಮ ಇಲ್ಲದಿರುವುದು, ವೈಂಡಿಂಗ್ ಶಾರ್ಟ್. ಈ ಅದುರು ಸಪ್ಲೈ ಆವರ್ತನದ ಎರಡು ಪಟ್ಟು, 100 ಹರ್ಟ್ಸ್‌ನಲ್ಲಿ ಇರುತ್ತದೆ. ವೇಗದ ಜೊತೆ ನಿಧಾನವಾಗಿ ಇಳಿದರೆ ಅಲೈನ್‌ಮೆಂಟ್, ಬ್ಯಾಲೆನ್ಸ್, ಬೇರಿಂಗ್ ಕಡೆ ಹೋಗಿ. ಬೇಸ್‌ನ ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸುವಾಗ ಡಯಲ್ ಗೇಜಿನಲ್ಲಿ ಪಾದ 0.05 ಮಿಲಿಮೀಟರ್‌ಗಿಂತ ಹೆಚ್ಚು ಎದ್ದರೆ ಅಲ್ಲಿ ಶಿಮ್ (ಅಡಿಗೆ ಕೊಡುವ ತೆಳು ಲೋಹದ ಹಾಳೆ) ಬೇಕು.

ಲೋಡ್ ಸ್ಥಿರ ಇದ್ದೂ ಆಂಪಿಯರ್ ಏರಿಳಿಯುತ್ತಿದ್ದರೆ ರೋಟರ್ ಬಾರ್ ಮುರಿದಿರಬಹುದು. 1500ರ ಬದಲು 1440 ಆರ್‌ಪಿಎಂನಲ್ಲಿ ಓಡುವ ಮೋಟರಿಗೆ ಸ್ಲಿಪ್ (ಕಾಂತಕ್ಷೇತ್ರಕ್ಕಿಂತ ರೋಟರ್ ಹಿಂದುಳಿಯುವ ಪ್ರಮಾಣ) 4%, ಅಂದರೆ 2 ಹರ್ಟ್ಸ್. ಬಾರ್ ಮುರಿದಿದ್ದರೆ ಕರೆಂಟ್ ಅದರ ಎರಡು ಪಟ್ಟು, ಅಂದರೆ ಸೆಕೆಂಡಿಗೆ 4 ಸಲ ತೂಗುತ್ತದೆ. ಡಿಜಿಟಲ್ ಮೀಟರಿಗಿಂತ ಮುಳ್ಳಿನ ಮೀಟರಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಬೇರಿಂಗ್ ವಿಷಯದಲ್ಲಿ ಗ್ರೀಸ್ ಕಡಿಮೆಯಾಗಿ ಹಾಳಾದಷ್ಟೇ ಜಾಸ್ತಿಯಾಗಿಯೂ ಹಾಳಾಗುತ್ತದೆ. ಒಳಗಿನ ಖಾಲಿ ಜಾಗದ 30ರಿಂದ 50% ತುಂಬಿದರೆ ಸಾಕು. ಪೂರ್ತಿ ತುಂಬಿದರೆ ಗ್ರೀಸ್ ಕಡೆದು ಕಡೆದು ಬಿಸಿಯಾಗುತ್ತದೆ, ಸೀಲ್ ದಾಟಿ ವೈಂಡಿಂಗ್ ಮೇಲೂ ಬೀಳುತ್ತದೆ. ಲಿಥಿಯಂ ಗ್ರೀಸ್ ಇದ್ದಲ್ಲಿ ಪಾಲಿಯೂರಿಯಾ ಬೆರೆಸಬೇಡಿ. ಪುಲ್ಲಿ ಬದಿಯ ಬೇರಿಂಗ್ ಮಾತ್ರ ಪದೇಪದೇ ಹೋಗುತ್ತಿದ್ದರೆ ಬೆಲ್ಟ್ ಅತಿಯಾಗಿ ಬಿಗಿದಿದ್ದಾರೆ. ಹಳೆಯ ಬೇರಿಂಗ್ ಕತ್ತರಿಸಿ ನೋಡಿದಾಗ ಓಡುವ ಹಾದಿಯಲ್ಲಿ ಬಟ್ಟೆ ಒಗೆಯುವ ಹಲಗೆಯ ಗೀರುಗಳಂತೆ ಅಡ್ಡ ಸಾಲುಗಳಿದ್ದರೆ ಅದು ಶಾಫ್ಟ್ ಮೂಲಕ ಹರಿದ ಕರೆಂಟಿನ ಕೆಲಸ. ವಿಎಫ್‌ಡಿ ಹಾಕಿದ ಮೋಟರಿನಲ್ಲಿ ಇದು ಸಾಮಾನ್ಯ. ಹೊಸ ಬೇರಿಂಗ್ ಹಾಕುವ ಜೊತೆಗೆ ಶಾಫ್ಟ್ ಗ್ರೌಂಡಿಂಗ್ ರಿಂಗ್ ಅಥವಾ ಇನ್ಸುಲೇಟೆಡ್ ಬೇರಿಂಗ್ ಕೊಡಿ.

ವಿಎಫ್‌ಡಿ ಟ್ರಿಪ್ ಆಗುತ್ತಿದ್ದರೆ

ಇಲ್ಲಿಯೂ ಮೂರು ಪಾಲು ಮಾಡಿ. ಡ್ರೈವ್‌ನ ಔಟ್‌ಪುಟ್ ಕೇಬಲ್ ಬಿಚ್ಚಿ, ವಿ ಬೈ ಎಫ್ (ವೋಲ್ಟೇಜ್ ಮತ್ತು ಆವರ್ತನದ ಅನುಪಾತ ಸ್ಥಿರ ಇಡುವ) ಮೋಡ್‌ನಲ್ಲಿ ಖಾಲಿ ಓಡಿಸಿ. ಆಗಲೂ ಓವರ್ ಕರೆಂಟ್ ಅಥವಾ ಅರ್ತ್ ಫಾಲ್ಟ್ ಬಂದರೆ ಡ್ರೈವ್‌ನ ಪವರ್ ಮಾಡ್ಯೂಲ್ ಹೋಗಿದೆ. ಬರದಿದ್ದರೆ ಕೇಬಲ್ ಜೋಡಿಸಿ, ಮೋಟರ್ ತುದಿಯಲ್ಲಿ ಬಿಚ್ಚಿಟ್ಟು ಓಡಿಸಿ. ಈಗ ಬಂದರೆ ಕೇಬಲ್. ಎರಡೂ ಸರಿ ಇದ್ದರೆ ಮೋಟರ್ ಅಥವಾ ಲೋಡ್.

ನಿಲ್ಲಿಸುವಾಗ ಓವರ್ ವೋಲ್ಟೇಜ್ ಬಂದರೆ ಮೋಟರ್ ಜನರೇಟರ್ ಆಗಿ ಡಿಸಿ ಬಸ್ ಏರಿಸುತ್ತಿದೆ: ನಿಲ್ಲುವ ಸಮಯ ಹೆಚ್ಚಿಸಿ, ಸಾಧ್ಯವಾಗದಿದ್ದರೆ ಬ್ರೇಕಿಂಗ್ ರೆಸಿಸ್ಟರ್ ಹಾಕಿ. ಶುರುವಿನಲ್ಲಿ ಓವರ್ ಕರೆಂಟ್ ಬಂದರೆ ಪ್ಯಾರಾಮೀಟರ್ ನೋಡಿ. 50 ಹರ್ಟ್ಸ್ ಮೋಟರಿಗೆ ಬೇಸ್ ಫ್ರೀಕ್ವೆನ್ಸಿ 60 ಎಂದು ಬಿಟ್ಟಿದ್ದರೆ ಹರ್ಟ್ಸ್‌ಗೆ 8 ವೋಲ್ಟ್ ಸಿಗುವ ಬದಲು 6.67 ಸಿಕ್ಕಿ ಮೋಟರ್ ಬಲ ಕಳೆದುಕೊಂಡು ಹೆಚ್ಚು ಆಂಪಿಯರ್ ಎಳೆಯುತ್ತದೆ. ಕಡಿಮೆ ವೇಗದಲ್ಲಿ ಬಹಳ ಹೊತ್ತು ಓಡುವ ಮೋಟರ್ ಬಿಸಿಯಾದರೆ ಶಾಫ್ಟ್‌ನ ಫ್ಯಾನ್ ಗಾಳಿ ಕೊಡುತ್ತಿಲ್ಲ. ಪ್ರತ್ಯೇಕ ಬ್ಲೋವರ್ ಬೇಕು. ಉದ್ದ ಕೇಬಲ್‌ನ ತುದಿಯಲ್ಲಿ ಪಲ್ಸ್ ಡಿಸಿ ಬಸ್‌ನ ಎರಡು ಪಟ್ಟಿನವರೆಗೆ ಏರಬಲ್ಲದು, ಅಲ್ಲಿ ಔಟ್‌ಪುಟ್ ಫಿಲ್ಟರ್ ಹಾಕಿ. ಡ್ರೈವ್ ಔಟ್‌ಪುಟ್‌ಗೆ ಸಾಮಾನ್ಯ ಮಲ್ಟಿಮೀಟರ್ ಇಟ್ಟು ಬಂದ ಸಂಖ್ಯೆಯನ್ನು ನಂಬಬೇಡಿ, ಲೋ ಪಾಸ್ ಫಿಲ್ಟರ್ ಇರುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು.

ಸಿಂಗಲ್ ಫೇಸ್ ಮೋಟರ್

ಗುಂಯ್‌ಗುಟ್ಟು ತಿರುಗದಿದ್ದರೆ ಮೊದಲು ಕೆಪ್ಯಾಸಿಟರ್. ಡಿಸ್ಚಾರ್ಜ್ ಮಾಡಿ, ಒಂದು ವೈರ್ ಬಿಚ್ಚಿ ಅಳೆಯಿರಿ. 25 ಮೈಕ್ರೊಫ್ಯಾರಡ್, ಹೆಚ್ಚು ಕಡಿಮೆ 5% ಎಂದಿದ್ದರೆ 23.75ರಿಂದ 26.25ರ ನಡುವೆ ಇರಬೇಕು. ಬದಲಾಯಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು. ರನ್ ಕೆಪ್ಯಾಸಿಟರ್ ಜಾಗಕ್ಕೆ ಸ್ಟಾರ್ಟ್ ಕೆಪ್ಯಾಸಿಟರ್ ಹಾಕಿದರೆ ಅದು ಸಿಡಿಯುತ್ತದೆ. ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಬಂದ ಮೇಲೆ ಸ್ಟಾರ್ಟ್ ವೈಂಡಿಂಗ್ ಕಡಿಯುವುದು) ಇರುವ ಮೋಟರ್ ನಿಲ್ಲುತ್ತಾ ಬಂದಾಗ ಟಕ್ ಎಂಬ ಸದ್ದು ಬರಬೇಕು. ಸ್ವಿಚ್ ತೆರೆದೇ ಉಳಿದರೆ ಮೋಟರ್ ಸ್ಟಾರ್ಟ್ ಆಗುವುದಿಲ್ಲ. ಅಂಟಿಕೊಂಡರೆ ಸ್ಟಾರ್ಟ್ ವೈಂಡಿಂಗ್ ಸುಡುತ್ತದೆ.

ಬಿಎಲ್‌ಡಿಸಿ ಹಬ್ ಮೋಟರ್

ವಿದ್ಯುತ್ ಸ್ಕೂಟರ್, ಸೈಕಲ್‌ಗಳ ಚಕ್ರ ಕೈಯಲ್ಲಿ ತಿರುಗಿಸಿದಾಗ ಬಿಗಿಯಾಗಿ ತಡೆತಡೆದು ಬಂದರೆ ಮೂರು ದಪ್ಪ ಫೇಸ್ ವೈರ್‌ಗಳನ್ನು ಕಂಟ್ರೋಲರ್‌ನಿಂದ ಬಿಚ್ಚಿ, ಒಂದಕ್ಕೊಂದು ತಾಗದಂತೆ ಇಟ್ಟು ಮತ್ತೆ ತಿರುಗಿಸಿ. ಸಲೀಸಾದರೆ ಕಂಟ್ರೋಲರ್‌ನ ಮಾಸ್‌ಫೆಟ್ (ಕರೆಂಟ್ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್) ಶಾರ್ಟ್ ಆಗಿದೆ. ಹಾಗೇ ಬಿಗಿ ಇದ್ದರೆ ಒಳಗೆ ವೈಂಡಿಂಗ್ ಶಾರ್ಟ್. ತಿರುಗದೆ ಜರ್ಕ್ ಹೊಡೆಯುತ್ತಿದ್ದರೆ ಹಾಲ್ ಸೆನ್ಸರ್ (ತಿರುಗುವ ಮ್ಯಾಗ್ನೆಟ್ ಎಲ್ಲಿದೆ ಎಂದು ಕಂಟ್ರೋಲರ್‌ಗೆ ತಿಳಿಸುವುದು) ನೋಡಿ: ಸಾಮಾನ್ಯವಾಗಿ 5 ವೋಲ್ಟ್ ಸಪ್ಲೈ ಇರುತ್ತದೆ, ಚಕ್ರ ಮೆಲ್ಲಗೆ ತಿರುಗಿಸಿದರೆ ಮೂರೂ ಸಿಗ್ನಲ್ ಸೊನ್ನೆಗೂ 5ರ ಹತ್ತಿರಕ್ಕೂ ನಡುವೆ ಬದಲಾಗುತ್ತಿರಬೇಕು. 120 ಡಿಗ್ರಿ ಜೋಡಣೆಯಲ್ಲಿ ಮೂರೂ ಒಟ್ಟಿಗೆ ಸೊನ್ನೆ ಅಥವಾ ಮೂರೂ ಒಟ್ಟಿಗೆ 5 ಎಂದೂ ಬರುವುದಿಲ್ಲ; ಬಂದರೆ ಒಂದು ಸೆನ್ಸರ್ ಅಥವಾ ಅದರ ವೈರ್ ಹೋಗಿದೆ. ಬಹಳ ಬಿಸಿಯಾಗಿದ್ದ ಮೋಟರ್ ಆಮೇಲೆ ಖಾಲಿ ಓಟದಲ್ಲಿ ಮೊದಲಿಗಿಂತ ವೇಗವಾಗಿ ತಿರುಗುತ್ತಾ, ಏರು ಹತ್ತುವಾಗ ಹೆಚ್ಚು ಆಂಪಿಯರ್ ಎಳೆದರೆ ಅದರ ಮ್ಯಾಗ್ನೆಟ್ ಬಲ ಕುಂದಿದೆ. ಅದಕ್ಕೆ ವೈರಿಂಗ್‌ನಲ್ಲಿ ಹುಡುಕಿ ಫಲವಿಲ್ಲ.